ಕೆಂಚನಿಗೊಂದು ಮೆತ್ತೆ

'ಮೂರು ದಿನದಿಂದ ನನಗೆ ಸರಿಯಾಗಿ ಕುಳಿತುಕೊಳ್ಳಲು ಆಗುತ್ತಿಲ್ಲ. ಇದನ್ನು ಅಮ್ಮನಿಗೆ ಹೇಳುವಂತಿಲ್ಲ, ಡಾಕ್ಟರಿಗಂತೂ ಹೇಳುವಂತೆಯೇ ಇಲ್ಲ. ಆದರೆ ಇವತ್ತು ಸಂಜೆ ಐದಕ್ಕೆ ಊರಿನ ಮುಂದೆ ಕುಳಿತೇ ತೋರಿಸಬೇಕು.'

ಬುಧವಾರ ಬೆಳಿಗ್ಗೆ ಆರಕ್ಕೆ ನಿಶ್ಚಿತಾ ತನ್ನ ಡೈರಿಯಲ್ಲಿ ಇಷ್ಟು ಬರೆದಳು. ಬರೆದದ್ದು ನಿಂತುಕೊಂಡೇ, ರಾಗಿ ಡ್ರಮ್ಮಿನ ಮುಚ್ಚಳದ ಮೇಲೆ ಡೈರಿ ಇಟ್ಟುಕೊಂಡು.

ಬಿ.ಎಸ್‌ಸಿ. ಮುಗಿಸಿ ಎರಡು ವರ್ಷವಾಗಿತ್ತು. ಹೆಸರು ನಿಶ್ಚಿತಾ ಎಂದಿದ್ದರೂ ಅವಳು ಬಾಯಿಬಿಟ್ಟು ನಿಶ್ಚಯವಾಗಿ ಹೇಳಿದ ಮಾತು ಯಗಟಿಯಲ್ಲಿ ಯಾರಿಗೂ ನೆನಪಿಲ್ಲ. ಮಾತೆಲ್ಲ ಡೈರಿಗೆ ಹೋಗುತ್ತಿತ್ತು. ಮನೆಯವರಿಗೆ ಸಿಗುತ್ತಿದ್ದದ್ದು 'ಹೂಂ', 'ಊಹೂಂ' ಮತ್ತು ಇವೆರಡರ ನಡುವಿನ ಒಂದು ಸದ್ದು. ಆ ಸದ್ದನ್ನು ಅವರವರು ತಮಗೆ ಬೇಕಾದ ಹಾಗೆ ಅರ್ಥ ಮಾಡಿಕೊಳ್ಳುತ್ತಿದ್ದರು.

ಕುಳಿತುಕೊಳ್ಳಲು ಆಗದ್ದಕ್ಕೆ ಕಾರಣ ಕೆಂಚ. ಕೆಂಚ ಎಂದರೆ ಅವರ ಮನೆಯ ಕುದುರೆ. ಬಣ್ಣ ಹುರಿದ ಕಡಲೆಕಾಯಿಯದು, ಎತ್ತರ ಅವಳ ಭುಜದಷ್ಟು. ತಾತ ಸಣ್ಣಬೀರಪ್ಪ ಕುರಿಮಂದೆಯ ಹಿಂದೆ ಊರೂರು ಸುತ್ತುತ್ತಿದ್ದಾಗ ಪಾತ್ರೆ, ಕಂಬಳಿ, ದಾರಿಯಲ್ಲಿ ಹುಟ್ಟಿದ ಮರಿ ಎಲ್ಲವನ್ನೂ ಹೊತ್ತವನು ಅವನೇ. ಈಗ ಕುರಿಗಳೇ ಲಾರಿ ಹತ್ತಿ ಮೇಯಲು ಹೋಗುತ್ತವೆ. ಕೆಂಚನಿಗೆ ಕೆಲಸವಿಲ್ಲ.

"ನಿಂತಲ್ಲೇ ನಿಂತು ತಿಂದ್ರೆ ಅದ್ರ ಕಾಲು ಹಾಳಾಗ್ತವೆ," ಎಂದಿದ್ದ ತಾತ. "ಅಜ್ಜಂಪುರದ ವೇಣು ಕೇಳ್ತಾವ್ನೆ, ಮದ್ವೆ ಮೆರವಣಿಗೆಗೆ. ಕೊಟ್ಬಿಡಾನ."

ಪಕ್ಕದ ಮನೆಯ ಕುಕ್ಕರ್ ಕೂಗಿದರೆ ಗೂಟ ಕಿತ್ತುಕೊಂಡು ಕೆರೆಯಂಗಳ ಸೇರುವ ಕುದುರೆ ಅದು. ಬ್ಯಾಂಡು, ಪಟಾಕಿಗಳ ನಡುವೆ ಅದರ ಗತಿ ಏನು ಎಂದು ಯೋಚಿಸಿ ನಿಶ್ಚಿತಾಳಿಗೆ ಊಟ ಸೇರಲಿಲ್ಲ. ಆ ದಿನ ಅವಳ ಬಾಯಿಂದ ಅಪರೂಪಕ್ಕೆ ಒಂದು ಪೂರ್ತಿ ವಾಕ್ಯ ಬಂತು: "ನಾನು ಕೆಂಚನ್ನ ಹತ್ಕಂಡು ದಿನಾ ಹಟ್ಟಿಗೆ ಹೋಗ್ಬತ್ತೀನಿ ತಾತ."

ಕುರಿಹಟ್ಟಿ ಮೂರು ಕಿಲೋಮೀಟರ್ ದೂರ. ಅಪ್ಪ ಇರುವುದು ಅಲ್ಲೇ. ಅವನಿಗೆ ಊಟ, ಕುರಿಗಳಿಗೆ ಔಷಧಿ ಒಯ್ಯುವವಳು ಅವಳೇ. ತಾತ ಮೊಮ್ಮಗಳನ್ನೂ ಕುದುರೆಯನ್ನೂ ಬದಲಿಸಿ ಬದಲಿಸಿ ನೋಡಿದ. "ಬುಧವಾರ ಸಂಜೆ ಐದಕ್ಕೆ ವೇಣು ಗಾಡಿ ತತ್ತಾನೆ. ಅವನೆದ್ರಿಗೇ ಕೆರೆ ಏರಿತನಕ ಹೋಗಿ ವಾಪಸ್ ಬಾ. ಬಿದ್ರೆ ಅವನಿಗೆ. ಬೀಳ್ದಿದ್ರೆ ನಿಂಗೆ."

ಕಷ್ಟ ಇದ್ದದ್ದು ಬೆನ್ನಿನಲ್ಲಿ. ಹೊರೆಯ ಚೌಕಟ್ಟು ಉಜ್ಜಿ ಕೆಂಚನ ಬೆನ್ನಿಗೆ ಹಳೆಯ ಗಾಯವಿತ್ತು. ಜೀನು ಗೀನು ಗಟ್ಟಿ ಪದಾರ್ಥ ಯಾವುದೂ ಹಾಕಬೇಡಿ ಎಂದು ದನದ ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಬರೀ ಬೆನ್ನಿನ ಮೇಲೆ ಕುಳಿತರೆ ಸೈಕಲ್ಲಿನ ಅಡ್ಡಪಟ್ಟಿಯ ಮೇಲೆ ಹೊಸದುರ್ಗದ ತನಕ ಹೋದಂತಾಗುತ್ತಿತ್ತು. ತಾತನ ಕಂಬಳಿ ಮಡಿಸಿ ಹಾಕಿ ನೋಡಿದಳು. ಹತ್ತು ಹೆಜ್ಜೆಗೆ ಕಂಬಳಿಯೂ ಅವಳೂ ಸುತ್ತು ಹೊಡೆದು ಹೊಟ್ಟೆಯ ಕೆಳಗೆ ಬಂದಿದ್ದರು. ಕೆಂಚ ಬಗ್ಗಿ, ಅಲ್ಲೇನು ಮಾಡುತ್ತಿದ್ದೀಯ ಎಂಬಂತೆ ನೋಡಿದ್ದ. ಎಳೆದು ತೆಗೆದವನು ಸೋದರಮಾವನ ಮಗ ಕನಕರಾಜು, ಮೋಟಾರ್ ರಿಪೇರಿಯವನು. ಎಳೆಯಲು ಒಂದು ನಿಮಿಷ, ನಗಲು ಎರಡು ಬೀದಿ ದಾಟುವಷ್ಟು ಸಮಯ ತೆಗೆದುಕೊಂಡಿದ್ದ.

ಅಂದಿನಿಂದ ಫೋನಿನಲ್ಲಿ ಹುಡುಕಿ ಹುಡುಕಿ ಅವಳು ಡೈರಿಯ ಏಳು ಪುಟ ತುಂಬಿಸಿದ್ದಳು. ಜೀನಿಲ್ಲದೆ ಸವಾರಿ ಮಾಡುವವರಿಗೆಂದೇ ಒಂದು ಮೆತ್ತೆ ಬರುತ್ತದೆ, ಬೇರ್‌ಬ್ಯಾಕ್ ಪ್ಯಾಡ್ ಎನ್ನುತ್ತಾರೆ. ಅದರ ತಳ ಜಾರಬಾರದು. ನಡುವೆ ಸಂದಿರಬೇಕು, ಬೆನ್ನುಮೂಳೆಗೆ ಭಾರ ಬೀಳಬಾರದು. ಹೊಟ್ಟೆಗೆ ಕಟ್ಟುವ ಪಟ್ಟಿ ಅಗಲವಾಗಿರಬೇಕು. ಮುಖ್ಯವಾಗಿ ಕಾಲಿಡುವ ರಿಕಾಪು ಇರಲೇಬಾರದು, ಏಕೆಂದರೆ ಚೌಕಟ್ಟಿಲ್ಲದ ಮೆತ್ತೆಗೆ ರಿಕಾಪು ಹಾಕಿ ಒಂದು ಕಡೆ ತುಳಿದರೆ ಇಡೀ ಮೆತ್ತೆ ತಿರುಗಿ ಮತ್ತೆ ಹೊಟ್ಟೆಯ ಕೆಳಗೇ ಬರಬೇಕು. ಆ ದಾರಿ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆನ್‌ಲೈನಿನಲ್ಲಿ ಸಿಗುವುದು ಎತ್ತರದ ವಿಲಾಯತಿ ಕುದುರೆಗಳ ಅಳತೆಯದು, ಬರುವುದು ಹನ್ನೆರಡು ದಿನಕ್ಕೆ. ಸರಿ, ಮಾಡಿಸುವುದೇ ಎಂದು ನಿಶ್ಚಯಿಸಿದಳು. ಒಂದೇ ಎಚ್ಚರ: ಅಂಗಡಿಯಲ್ಲಿ 'ಪ್ಯಾಡ್' ಎನ್ನಬಾರದು. ಅಂದರೆ ಪೇಪರು ಸುತ್ತಿ ಕರಿ ಕವರಿನಲ್ಲಿ ಬೇರೇನನ್ನೋ ಕೈಗಿಡುತ್ತಾರೆ. 'ಮೆತ್ತೆ' ಎಂದೇ ಹೇಳಬೇಕು.

ಎಂಟು ಗಂಟೆಯ ಕಡೂರು ಬಸ್ಸು ಅರ್ಧ ಖಾಲಿಯಿತ್ತು. ನಿಶ್ಚಿತಾ ಕಂಬಿ ಹಿಡಿದು ನಿಂತಳು. ಮೂರನೆಯ ಸೀಟಿನಲ್ಲಿ ಸೀರೆಗಂಟಿನ ಜೊತೆ ಹೇಮಾವತಿ ಕುಳಿತಿದ್ದಳು. ಕಡೂರಿನವಳು, ಹಳ್ಳಿ ಹಳ್ಳಿಗೆ ಸೀರೆ ತರುವವಳು. ಗಂಟು ಬಿಚ್ಚುವ ಮೊದಲು ಸುದ್ದಿ ಬಿಚ್ಚುತ್ತಿದ್ದಳು.

"ಯಾಕೆ ನಿಂತಿದ್ದೀಯೆ, ಇಷ್ಟೊಂದ್ ಸೀಟ್ ಐತೆ."

"ಬ್ಯಾಡ ಅತ್ತೆ."

"ಮುಖ ಬ್ಯಾರೆ ಕೆಂಪಗಾಗೈತೆ. ಏನೇ ಸಮಾಚಾರ?"

ನಿಶ್ಚಿತಾ ಎಲ್ಲ ಸಂಕೋಚದವರಂತೆ ಕತೆಯನ್ನು ತೀರ ಮೊದಲಿನಿಂದ ಶುರು ಮಾಡಿದಳು. "ನಮ್ಮನೇಲಿ... ಕುದ್ರೆ ಐತೆ ಅತ್ತೆ." ಸಣ್ಣ ದನಿ. ಅದೇ ಹೊತ್ತಿಗೆ ಡ್ರೈವರ್ ಗೇರು ಬದಲಿಸಿದ.

ಹೇಮಾವತಿಯ ಕಣ್ಣು ಅಗಲವಾದವು. "ಹೌದಾ? ಯಾವಾಗಿಂದ?"

"ತುಂಬ ದಿನ ಆಯ್ತು."

"ಶಂಕರಮ್ಮ ನನಗೊಂದು ಮಾತು ಹೇಳ್ಲಿಲ್ಲ ನೋಡು."

ಅಮ್ಮ ಕುದುರೆಯ ವಿಷಯವನ್ನು ಸೀರೆಯವಳಿಗೆ ಯಾಕೆ ಹೇಳಬೇಕು ಎಂದು ನಿಶ್ಚಿತಾಳಿಗೆ ತಿಳಿಯಲಿಲ್ಲ. "ಹೂಂ" ಎಂದಳು.

"ಎಲ್ಲೀದು?"

"ಮನೇದೇ."

"ಮನೇದೇನಾ. ಒಳ್ಳೇದಾಯ್ತು ಬಿಡು, ಹೊರಗಿನ್ದು ತಂದ್ರೆ ಗುಣ ಗೊತ್ತಾಗಲ್ಲ. ವಯಸ್ಸೆಷ್ಟು?"

"ಒಂಬತ್ತು." ಬಸ್ಸು ಗುಂಡಿಗೆ ಇಳಿದು ಎದ್ದಿತು.

"ಸರಿಯಾದ ವಯಸ್ಸೇ. ಕುಡಿಯೋದು?"

"ದಿನಾ ಎರಡು ಬಕೆಟ್."

ಹೇಮಾವತಿಯ ಮುಖ ಇಳಿಯಿತು. "ಎರಡಾ?"

"ಬ್ಯಾಸಿಗೇಲಿ ಮೂರು."

"ಸಿಟ್ಟು ಗಿಟ್ಟು?"

"ಇಲ್ಲ. ಇಲ್ಲೀತನಕ ಯಾರಿಗೂ ಒದ್ದಿಲ್ಲ."

"ಅಷ್ಟಿದ್ರೆ ಸಾಕು ಕಣೇ. ಎಲ್ಲಾ ಒಂದರಲ್ಲೇ ಸಿಗುತ್ತಾ."

"ಬೆನ್ನಿಗೆ ಮಾತ್ರ ಹಳೇ ಗಾಯ ಐತೆ ಅತ್ತೆ. ಭಾರ ಹೊತ್ತೂ ಹೊತ್ತೂ ಆಗಿದ್ದು."

"ಪಾಪ, ದುಡಿದಿರೋ ಜೀವ," ಎಂದಳು ಹೇಮಾವತಿ.

ನಿಶ್ಚಿತಾಳಿಗೆ ಕಣ್ಣು ತುಂಬಿ ಬಂತು. ಕೆಂಚನನ್ನು ಅರ್ಥ ಮಾಡಿಕೊಂಡವರು ಕೊನೆಗೂ ಒಬ್ಬರು ಸಿಕ್ಕಿದ್ದರು.

ಕಡೂರಿನಲ್ಲಿ ಹಾಲೇಶನ ಸೀಟ್ ಕವರ್ ಅಂಗಡಿ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿತ್ತು. ಹೊರಗೆ ಹರಿದ ಬೈಕ್ ಸೀಟುಗಳು ಹಲ್ಲು ಕೀಳಿಸಿಕೊಳ್ಳಲು ಬಂದವರ ಹಾಗೆ ಬಾಯಿ ತೆರೆದು ಸಾಲಾಗಿ ಕಾಯುತ್ತಿದ್ದವು. ಹಾಲೇಶ ಯಾರೋ ವಕೀಲರ ಕಾರಿನ ಸೀಟಿಗೆ ಹೊಲಿಗೆ ಹಾಕುತ್ತಿದ್ದ. ನಿಶ್ಚಿತಾ ನಾಲ್ಕು ಸಲ "ಅಣ್ಣ" ಎಂದಳು, ಒಂದಕ್ಕಿಂತ ಒಂದು ಮೆಲ್ಲಗೆ. ಐದನೆಯ ಸಲ ಮಾತು ಬಿಟ್ಟು ಡೈರಿಯ ಚಿತ್ರವನ್ನೇ ಮುಂದೆ ಹಿಡಿದಳು.

"ಇದೇನವ್ವ, ಚಿಟ್ಟೇನಾ?"

"ಮೆತ್ತೆ ಅಣ್ಣ. ಮಧ್ಯ ಸಂದು, ಎರಡು ಕಡೆ ದಪ್ಪ. ಇವತ್ತೇ ಬೇಕು."

"ಇವತ್ತಾ? ಹದಿನೈದು ದಿನ ಆಗುತ್ತೆ. ಯಾವ ಗಾಡಿಗೆ, ಬುಲೆಟ್ಟಾ, ಸ್ಕೂಟ್ರಾ?" ಎನ್ನುತ್ತಲೇ ಹಾಲೇಶ ರೆಕ್ಸಿನ್ ಹೊದಿಸಿದ ಒಂದು ಸ್ಪಂಜನ್ನು ಮೋರಿ ಕಟ್ಟೆಯ ಮೇಲೆ ಎಸೆದ. "ಇಂಥದ್ದು ಸಾಕಲ್ವಾ? ಕೂತು ನೋಡು."

ರಸ್ತೆಯಲ್ಲಿ ಜನ ಓಡಾಡುತ್ತಿದ್ದರು. ನಿನ್ನೆಯ ನಿಶ್ಚಿತಾ ಆಗಿದ್ದರೆ ಬಸ್ಸು ಹತ್ತಿ ವಾಪಸ್ ಹೋಗುತ್ತಿದ್ದಳು. ಇಂದಿನವಳು ಚೂಡಿದಾರ್ ಸರಿಮಾಡಿಕೊಂಡು ಕಟ್ಟೆಯ ಆಚೆಗೊಂದು ಈಚೆಗೊಂದು ಕಾಲು ಹಾಕಿ ಕುಳಿತಳು. ಸ್ಪಂಜು ಬಲಕ್ಕೆ ಜಾರಿತು. ಅವಳು ಬೈಕ್ ಸೀಟುಗಳ ಸಾಲಿನ ಮೇಲೆ ಬಿದ್ದಳು.

"ಜಾರುತ್ತೆ," ಎಂದಳು ಎದ್ದು. ಅಂಗಡಿಯವನೊಬ್ಬನಿಗೆ ಅವಳು ಜೀವಮಾನದಲ್ಲಿ ಹೇಳಿದ ಮೊದಲ ದೂರು ಅದು.

"ಜಾರ್ದಂಗೆ ಕೂತ್ಕಬೇಕವ್ವ."

"ತಳಾನೇ ಜಾರಬಾರ್ದು. ರೆಕ್ಸಿನ್ ಆಗಲ್ಲ. ಅದು ಬೆವರುತ್ತೆ."

"ಗಾಡಿ ಬೆವರುತ್ತಾ?" ಹಾಲೇಶ ಸೂಜಿ ಕೆಳಗಿಟ್ಟ. "ಆಯ್ತು, ಕಾಲಿಡೋಕೆ ಫುಟ್‌ರೆಸ್ಟ್ ಕೊಡ್ಲಾ?"

"ಬ್ಯಾಡವೇ ಬ್ಯಾಡ. ಒಂದ್ ಕಡೆ ತುಳಿದ್ರೆ ಪೂರ್ತಿ ತಿರುಗುತ್ತೆ."

"ಹಂಗೆ ತಿರುಗೋ ಗಾಡಿ ಯಾವ್ದು ತಾಯಿ?"

"ಕುದ್ರೆ..." ಎಂದು ಅವಳು ಶುರು ಮಾಡುವಷ್ಟರಲ್ಲಿ ಹಾಲೇಶನ ಫೋನು ಹೊಡೆದುಕೊಂಡಿತು.

"ಹೇಳಕ್ಕ," ಎಂದ ಅವನು. ಕೇಳುತ್ತ ಕೇಳುತ್ತ ಅವಳನ್ನೇ ನೋಡತೊಡಗಿದ. "ಯಗಟಿ ಹುಡ್ಗೀನಾ? ಕೆಂಪಗೆ, ನಿಂತೇ ಇರೋದಾ? ಇಲ್ಲೇ ಅವ್ಳಲ್ಲ... ಹೌದಾ, ಕುದ್ರೈತಾ... ಮನೇದೇ... ಹುಡುಗಂಗೆ ಇಪ್ಪತ್ತೊಂಬತ್ತಾ... ದಿನಾ ಎರಡು ಪಾಕೆಟ್ಟಾ? ಅಯ್ಯೋ ಶಿವನೇ."

ಫೋನು ಕೆಳಗಿಟ್ಟಾಗ ಅವನ ದನಿ ಬದಲಾಗಿತ್ತು. "ಹೇಮಾವತಿ ನಮ್ಮಕ್ಕ ಕಣವ್ವ. ಮದ್ವೆ ಕುದುರಿರೋ ಹುಡ್ಗಿ, ಮೊದ್ಲೇ ಹೇಳಬಾರ್ದಾ. ಬಿಸಿಲಲ್ಲಿ ನಿಲ್ಸಿಬಿಟ್ನಲ್ಲ."

ನಿಶ್ಚಿತಾ ಬೆಳಗಿನ ಮಾತನ್ನು ಮನಸ್ಸಿನಲ್ಲಿ ಮತ್ತೊಮ್ಮೆ ಹೇಳಿಕೊಂಡಳು. ಕುದ್ರೆ ಐತೆ. ಬೇಗ ಹೇಳಿದರೆ ಕುದ್ರೈತೆ. ಕಾಲೇಜಿನ ಕನ್ನಡದಲ್ಲಿ 'ಕುದ್ರೆ ಇದೆ' ಎಂದಿದ್ದರೂ ಉದ್ಧಾರವಾಗುತ್ತಿರಲಿಲ್ಲ, 'ಕುದ್ರಿದೆ' ಆಗುತ್ತಿತ್ತು. ಒಂಬತ್ತರ ಹಿಂದೆ ಗುಂಡಿ ಇಪ್ಪತ್ತು ಸೇರಿಸಿತ್ತು. ಬಕೆಟ್ಟು ಬ್ರಾಂದಿ ಪಾಕೆಟ್ಟಾಗಿತ್ತು. ಅವಳ ಕಿವಿ ಕಾದ ಬಾಣಲೆಯಂತಾಯಿತು.

"ಅಣ್ಣ, ಅದು ಹಂಗಲ್ಲ..." ಎಂದಳು. ಅದು ಹಾಲೇಶನಿಗೆ ಕೇಳಲಿಲ್ಲ, ಏಕೆಂದರೆ ಅವನು ಆಗಲೇ ಎದ್ದಿದ್ದ. ವಕೀಲರ ಸೀಟನ್ನು ಮೂಲೆಗೆ ತಳ್ಳಿದ. ಸ್ಟೂಲು ಒರೆಸಿ ಕೊಟ್ಟ. ಅಟ್ಟದಿಂದ ಕಾರಿನ ಮ್ಯಾಟಿನ ಕೆಳಗೆ ಹಾಕುವ ರಬ್ಬರ್ ಜಾಲರಿ ತೆಗೆದ. "ಇದು ಜಾರಲ್ಲ ನೋಡು, ಹಲ್ಲಿ ಕಚ್ಕಂಡಂಗೆ ಕಚ್ಕೊಳುತ್ತೆ." ಹಳೆಯ ಕಾರಿನ ಎರಡು ಬೆಲ್ಟುಗಳನ್ನು ಅಕ್ಕಪಕ್ಕ ಜೋಡಿಸಿ, ಬಕಲ್ ಸಮೇತ ಹತ್ತೇ ನಿಮಿಷದಲ್ಲಿ ಹೊಲಿದ. ಹದಿನೈದು ದಿನದ ಕೆಲಸ ಹತ್ತು ನಿಮಿಷಕ್ಕೆ ಇಳಿದಿತ್ತು.

ಅವಳಿಗಾಗಿ ಕುರ್ಚಿಯಿಂದ ಯಾರಾದರೂ ಎದ್ದದ್ದು ಅದೇ ಮೊದಲು. ನಿಜ ಹೇಳಿದರೆ ಅವನು ಮತ್ತೆ ಕುಳಿತುಬಿಡುತ್ತಾನೆ. ಗಡಿಯಾರದಲ್ಲಿ ಹತ್ತು ಗಂಟೆ. ನಿಶ್ಚಿತಾ ಬಾಯಿ ಮುಚ್ಚಿಕೊಂಡಳು.

"ಹತ್ತಿ, ಉಣ್ಣೆ ತುಂಬೋದು ನನ್ ಕೈಲಾಗಲ್ಲ. ತರೀಕೆರೇಲಿ ಹಾಸಿಗೆ ಅಂಗಡಿ ಓಂಕಾರಮೂರ್ತಿ ಅಂತ ಅವ್ರೆ. ಫೋನ್ ಮಾಡಿರ್ತೀನಿ, ಹೋಗು," ಎಂದ ಹಾಲೇಶ. ತುಸು ತಡೆದು ಸೇರಿಸಿದ: "ಪಾಕೆಟ್ ವಿಷ್ಯ ಮನಸ್ಸಿಗೆ ಹಚ್ಕಬ್ಯಾಡ. ನಾನೂ ಮೊದ್ಲು ಕುಡೀತಿದ್ದೆ."

ತರೀಕೆರೆಯ ಬಸ್ಸಿನಲ್ಲಿ ನಿಂತುಕೊಂಡೇ ಡೈರಿ ತೆಗೆದಳು. 'ಹೇಮಾವತಿ ಅತ್ತೆಗೆ ತಪ್ಪು ಕೇಳಿಸಿದೆ. ಸಂಜೆ ಮನೆಗೆ ಹೋದ ಕೂಡಲೇ ಎಲ್ಲರಿಗೂ ನಿಜ ಹೇಳುತ್ತೇನೆ. ಸಂಜೆಯವರೆಗೆ ಒಂದು ತಪ್ಪು ಸುದ್ದಿ ಇದ್ದರೆ ಯಾರಿಗೇನು ನಷ್ಟ?' ಬಸ್ಸು ಕುಲುಕಿ ಪ್ರಶ್ನಾರ್ಥಕ ಚಿಹ್ನೆ ಪುಟದ ಅಂಚಿನವರೆಗೆ ಹೋಯಿತು.

ತರೀಕೆರೆಯಲ್ಲಿ ಓಂಕಾರಮೂರ್ತಿಯೂ ಅವನ ಹೆಂಡತಿ ಯಶೋದಾಳೂ ಅಂಗಡಿಯ ಬಾಗಿಲಲ್ಲೇ ಕಾದು ನಿಂತಿದ್ದರು. ಗುಲಾಬಿ ಹೂವಿನ ಒಂದು ಜೋಡಿ ಹಾಸಿಗೆ ಆಗಲೇ ನೆಲದ ಮೇಲೆ ಬಿಚ್ಚಿಕೊಂಡು ಮಲಗಿತ್ತು.

"ಆರಡಿಗೆ ಆರಡಿ," ಎಂದ ಓಂಕಾರಮೂರ್ತಿ. "ಶುಕ್ರವಾರದ ಆರ್ಡರು. ನೀನು ಹೂಂ ಅನ್ನು, ಅವರಿಗೆ ಬ್ಯಾರೆ ಮಾಡ್ಕೊಡ್ತೀನಿ."

"ಇಷ್ಟು ದೊಡ್ದು ಬ್ಯಾಡ. ಎರಡೂವರೆ ಅಡಿ ಅಗಲ, ಎರಡು ಅಡಿ ಉದ್ದ."

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಯಶೋದಾ ಹತ್ತಿರ ಬಂದು ಪಿಸುಮಾತಿನಲ್ಲಿ, "ಮಗೀಗಾ? ಈಗ್ಲೇನಾ?" ಎಂದಳು.

ನಿಶ್ಚಿತಾ ಜಡೆ ಭುಜದಿಂದ ಭುಜಕ್ಕೆ ಹಾರುವಷ್ಟು ಜೋರಾಗಿ ತಲೆ ಅಲ್ಲಾಡಿಸಿದಳು. ಚಿತ್ರ ತೋರಿಸಿ, "ಮಧ್ಯ ನಾಲ್ಕು ಬೆರಳು ಸಂದು ಬೇಕು," ಎಂದಳು.

"ಹಾಸಿಗೆ ಮಧ್ಯ ಸಂದಾ? ಮೊದಲನೇ ದಿನಾನೇ ಗಡಿ ಹಾಕ್ತೀಯಾ ತಾಯಿ?"

"ಬೆನ್ನುಮೂಳೆಗೆ ತಾಗಬಾರ್ದು. ಗಾಯ ಐತೆ." ಹಾಲೇಶನ ಬೆಲ್ಟನ್ನು ಮೇಜಿನ ಮೇಲಿಟ್ಟಳು. "ಇದನ್ನ ಸೇರಿಸಿ ಹೊಲೀಬೇಕು. ಹೊಟ್ಟೆಗೆ ಕಟ್ಟೋಕೆ."

"ಯಾರ್ ಹೊಟ್ಟೆಗೆ?"

ಹೇಳಿಬಿಡಲು ಇದೇ ಹೊತ್ತು. ಹೊಲಿಗೆ ಮಿಷನ್ನಿನ ಪಕ್ಕದಲ್ಲಿ ಬೇರೆಯವರ ಹಾಸಿಗೆಗಳು ಚಾವಣಿಯವರೆಗೆ ಪೇರಿಸಿಕೊಂಡು ಸರದಿ ಕಾಯುತ್ತಿದ್ದವು. ಐದು ಗಂಟೆಗೆ ವೇಣು ಬರುತ್ತಾನೆ.

"ಅವ್ರಿಗೆ," ಎಂದಳು ನಿಶ್ಚಿತಾ. ಕೆಂಚನನ್ನು ಯಾರೂ ಅಲ್ಲಿಯವರೆಗೆ ಅಷ್ಟು ಮರ್ಯಾದೆಯಿಂದ ಕರೆದಿರಲಿಲ್ಲ.

"ಅಳತೆ ಗೊತ್ತಾ?"

"ಐವತ್ತೆಂಟು ಇಂಚು."

ಓಂಕಾರಮೂರ್ತಿ ತನ್ನ ಹೊಟ್ಟೆಯನ್ನು ಮೇಲಿನಿಂದ ಕೆಳಗೆ ನೋಡಿಕೊಂಡ. ತರೀಕೆರೆಯಲ್ಲಿ ಅದಕ್ಕೊಂದು ಹೆಸರಿತ್ತು. "ನಂದೇ ನಲವತ್ನಾಕು," ಎಂದ ಮೆಲ್ಲಗೆ. ಯಶೋದಾ ಸೆರಗಿನಿಂದ ಮೂಗು ಒರೆಸಿಕೊಂಡಳು. ಕುಡುಕ, ಬೆನ್ನು ಮುರಿದವನು, ಹೊಟ್ಟೆ ಐವತ್ತೆಂಟು ಇಂಚು. ಹುಡುಗಿಯಾದರೋ ಕಡ್ಡಿಯ ಹಾಗೆ.

"ಹೊಲೀರಿ ಮೊದ್ಲು," ಎಂದಳು ಗಂಡನಿಗೆ. "ಉಳಿದಿದ್ದು ನಾಳೆ ನೋಡಾನ."

ಆದರೆ ಯಾವುದನ್ನು ತುಂಬುವುದು? ಓಂಕಾರಮೂರ್ತಿ ಹತ್ತಿ ಎಂದ. ನಿಶ್ಚಿತಾ ಅಂಗಡಿಯ ನಡುವೆ ಸುರುಳಿ ಸುತ್ತಿ ಮಲಗಿಸಿದ್ದ ಒಂದು ಹಾಸಿಗೆಯನ್ನು ನೋಡಿದಳು. ದಪ್ಪದಲ್ಲಿ ಅದು ಕೆಂಚನಿಗೆ ಸುಮಾರಾಗಿ ಸರಿಯಿತ್ತು. ಅದರ ಮೇಲೆ ಹತ್ತಿಯ ತುಂಡು ಹಾಕಿ ಕಾಲು ಅತ್ತಿತ್ತ ಬಿಟ್ಟು ಹತ್ತಿ ಕುಳಿತಳು. ಯಶೋದಾ ಗೋಡೆಯ ಕ್ಯಾಲೆಂಡರ್ ಕಡೆ ತಿರುಗಿದಳು.

"ಗಂಟು ಗಂಟು. ಬ್ಯಾಡ."

ಸ್ಪಂಜು ಬಂತು. ನಾಲ್ಕು ಸಲ ಎದ್ದು ಕುಳಿತದ್ದಕ್ಕೆ ಹಪ್ಪಳವಾಗಿ ಕೆಳಗಿನ ಗಟ್ಟಿ ನೇರ ತಾಗಿತು. "ಇದೂ ಬ್ಯಾಡ." ತೆಂಗಿನ ನಾರು ಬಂತು. ಅದರಿಂದ ಅವಳು ಕುಳಿತಷ್ಟೇ ಬೇಗ ಎದ್ದಳು. ಓಂಕಾರಮೂರ್ತಿ ಬೆವರೊರೆಸಿಕೊಂಡು, "ಇಡೀ ಜಿಲ್ಲೇಲಿ ಇಂಥಾ ಗಿರಾಕಿ ನೋಡಿಲ್ಲ," ಎಂದು ಗೊಣಗಿ ಒಳಗಿನಿಂದ ಬೆರಳು ದಪ್ಪದ ಒತ್ತಿದ ಉಣ್ಣೆಯ ಹಾಳೆ ತಂದ. ಎರಡು ಪದರ ಹಾಕಿದ. ಕುಳಿತಳು. ಮುಂದಕ್ಕೆ ಬಾಗಿದಳು, ಹಿಂದಕ್ಕೆ ಬಾಗಿದಳು, ಲಗಾಮು ಹಿಡಿದವಳಂತೆ ಕೈ ಮಾಡಿ ಕುಪ್ಪಳಿಸಿದಳು. ಮೂರು ದಿನದ ಮೇಲೆ ಮೊದಲ ಸಲ ಎಲ್ಲಿಯೂ ನೋಯಲಿಲ್ಲ.

"ಇದೇ," ಎಂದಳು.

"ಅವ್ರಿಗೆ ಹಾಸಿಗೆ, ನೀನ್ಯಾಕವ್ವ ಕುಪ್ಪಳಿಸ್ತೀಯಾ?" ಎಂದ ಓಂಕಾರಮೂರ್ತಿ. ಹೆಂಡತಿ ಅವನನ್ನು ತಿವಿದಳು.

ಎರಡೂವರೆಗೆ ಮೆತ್ತೆ ಸಿದ್ಧವಾಯಿತು. ಮೇಲೆ ಗುಲಾಬಿ ಹೂವಿನ ಬಟ್ಟೆ, ಒಳಗೆ ಉಣ್ಣೆ, ತಳಕ್ಕೆ ಜಾಲರಿ, ನಡುವೆ ನಾಲ್ಕು ಬೆರಳು ಸಂದು, ಕೆಳಗೆ ಅಗಲ ಪಟ್ಟಿ. ಯಶೋದಾ ಅದನ್ನು ಕೈಗಿಡುತ್ತ ಅವಳ ಮಣಿಕಟ್ಟು ಹಿಡಿದುಕೊಂಡಳು. "ನೋಡು ಮಗ, ಇಷ್ಟ ಇಲ್ದಿದ್ರೆ ಬಾಯ್ಬಿಟ್ಟು ಹೇಳ್ಬೇಕು. ಗಟ್ಟಿಯಾಗಿ. ನೀನು ಹೇಳ್ದಿದ್ರೆ ಬ್ಯಾರೆಯವ್ರು ತಮಗೆ ತೋಚಿದ್ದು ಮಾಡ್ತಾರೆ."

"ಹೂಂ" ಎಂದಳು ನಿಶ್ಚಿತಾ.

ಕಡೂರಿನಲ್ಲಿ ಬಸ್ಸು ಬದಲಿಸುವಾಗ ಫೋನು ನೋಡಿದಳು. ಅಮ್ಮನ ಹನ್ನೊಂದು ಕರೆ ಬಂದಿದ್ದವು. ಬಸ್ ನಿಲ್ದಾಣದಲ್ಲಿ ಜನರ ನಡುವೆ ನಿಂತು ಮದುವೆಯಂತಹ ವಿಷಯ ಮಾತಾಡುವುದು ಅವಳಿಂದಾಗದ ಕೆಲಸ. 'ಹೇಮಾವತಿ ಅತ್ತೆ ಹೇಳಿದ್ದರ ಬಗ್ಗೆ ಬಂದು ಎಲ್ಲ ಹೇಳ್ತೀನಿ. ಐದರೊಳಗೆ ಬರ್ತೀನಿ' ಎಂದು ಸಂದೇಶ ಕಳಿಸಿದಳು. ಅದು ಅವಳಿಗೆ ತಿದ್ದುಪಡಿಯಂತೆ ಕಂಡಿತು. ಓದಿದವರಿಗೆ ಹೇಗೆ ಕಾಣಬಹುದೆಂದು ಹೊಳೆಯಲಿಲ್ಲ.

ಯಗಟಿಯ ಬಸ್ಸಿನಲ್ಲಿ ಮೆತ್ತೆಯನ್ನು ಸೀಟಿನ ಮೇಲೆ ಹಾಸಿ ಕುಳಿತಳು. ಕುಳಿತು ವಾಕ್ಯ ಅಭ್ಯಾಸ ಮಾಡಿದಳು. 'ತಾತ, ನನಗೆ ಮದುವೆ ಕುದುರಿಲ್ಲ, ನಾನು ಹೇಳಿದ್ದು ಕೆಂಚನ ವಿಷಯ.' ಪಂಚಾಯಿತಿ ಸಿಂಟೆಕ್ಸ್ ಟ್ಯಾಂಕು ಕಾಣುವ ಹೊತ್ತಿಗೆ ಅದು ಬಾಯಿಪಾಠವಾಗಿತ್ತು. ನಾಲ್ಕೂವರೆ. ಅರ್ಧ ಗಂಟೆ ಮಿಕ್ಕಿತ್ತು.

ಮನೆಯ ಮುಂದೆ ಚಪ್ಪಲಿಗಳ ಗುಡ್ಡೆ. ಒಳಗಿನಿಂದ ಶ್ಯಾವಿಗೆ ಪಾಯಸದ ವಾಸನೆ. ಜಗುಲಿಯ ಮೇಲೆ ಸೀರೆಗಂಟು ಬಿಚ್ಚಿಕೊಂಡು ಹೇಮಾವತಿ. ಅವಳ ಪಕ್ಕದ ಕುರ್ಚಿಯಲ್ಲಿ ಕನಕರಾಜು, ಗ್ರೀಸು ಉಜ್ಜಿ ಉಜ್ಜಿ ಕೆಂಪಾದ ಕೈ, ಮಡಿಕೆ ಗೆರೆ ಹೋಗದ ಹೊಸ ಶರ್ಟು. ಲಾರಿಗೆ ಹತ್ತಿಸಿದ ಟಗರಿನಂತೆ ಸುತ್ತ ನೋಡುತ್ತಿದ್ದ.

"ಬಂದ್ಲು ಬಂದ್ಲು," ಎಂದಳು ಅಮ್ಮ ಶಂಕರಮ್ಮ. "ಮನೇದೇ ಅಂದ್ಯಂತೆ. ಮನೇದು ಅಂದ್ರೆ ನಮ್ಮ ಕನಕನ್ನ ಬಿಟ್ರೆ ಇನ್ಯಾರವ್ರೆ. ನನ್ ಹತ್ರ ಹೇಳೋಕೆ ನಾಚ್ಕೆ, ಹೇಮಕ್ಕನ ಹತ್ರ ಹೇಳಿದ್ದೀಯಾ. ಇಪ್ಪತ್ತೊಂಬತ್ತು ಅಂದಾಗ್ಲೇ ನಂಗೆ ಗೊತ್ತಾಯ್ತು."

"ದುಡಿದಿರೋ ಜೀವಾನೇ," ಎಂದಳು ಹೇಮಾವತಿ, ಗಂಡನ್ನು ಪರೀಕ್ಷಿಸುತ್ತ.

"ಅದೆಲ್ಲ ಇರ್ಲಿ," ಎಂದ ಕನಕರಾಜು. "ದಿನಾ ಎರಡು ಪಾಕೆಟ್ ಅಂತ ಊರಿಗೆಲ್ಲ ಹೇಳಿದ್ಯಂತಲ್ಲ. ನಾನು ಕುಡಿಯೋದು ಒಂದೇ."

ನಿಶ್ಚಿತಾ ಬಾಯಿ ತೆರೆದಳು. ಬಾಯಿಪಾಠ ಮಾಡಿದ ವಾಕ್ಯ ಸಿಂಟೆಕ್ಸ್ ಟ್ಯಾಂಕಿನ ಹತ್ತಿರವೇ ಇಳಿದುಹೋಗಿತ್ತು. ಜನರ ತಲೆಗಳ ಮೇಲಿಂದ ಅವಳ ಕಣ್ಣು ಕೊಟ್ಟಿಗೆಯ ಕಡೆಗೆ ಹೋಯಿತು. ಗೂಟ ಇತ್ತು. ಹಗ್ಗ ಇತ್ತು. ಅರ್ಧ ತುಂಬಿದ ಬಕೆಟ್ಟು ಇತ್ತು.

"ಕೆಂಚ?" ಎಂದಳು.

ತಾತ ಸಣ್ಣಬೀರಪ್ಪ ಗೋಡೆಗೆ ಒರಗಿ ಕುಳಿತಿದ್ದ. ಮುಖದಲ್ಲಿ ಹಬ್ಬವಿತ್ತು. "ವೇಣುಗೆ ಫೋನ್ ಮಾಡಿ ಬ್ಯಾಗನೆ ಬಾ ಅಂದೆ ಕಣವ್ವ. ಮೂರಕ್ಕೇ ಬಂದಿದ್ದ. ನೀನು ಮದ್ವೆ ಆಗಿ ಹೋದ್ಮೇಲೆ ಅವನ್ನ ಯಾರು ಹತ್ತಬೇಕು? ಈ ಪಂದ್ಯ ಗಿಂದ್ಯ ನಿಂಗ್ಯಾಕೆ, ಬಿದ್ದು ಗಿದ್ದು ಕಾಲು ಮುರ್ಕಂಡ್ರೆ ಅಂತ ಕೊಟ್ಬಿಟ್ಟೆ. ಪುಕ್ಸಟ್ಟೆ ಕೊಟ್ಟೆ. ಒಂದೇ ಮಾತು ತಗಂಡಿದೀನಿ, ನಿನ್ ಮದ್ವೆ ಮೆರವಣಿಗೇಲಿ ಗಂಡು ಕೆಂಚನ ಮ್ಯಾಲೇ ಬರ್ಬೇಕು ಅಂತ."

ಕನಕರಾಜು ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡ.

"ಕೈಲಿ ಏನೇ ಅದು?" ಎಂದಳು ಶಂಕರಮ್ಮ. "ಓಹೋ, ಆಗ್ಲೇ ಹಾಸಿಗೆ."

"ನಾನೇ ತರೀಕೆರೆ ಹಾಸಿಗೆ ಅಂಗಡಿಗೆ ಫೋನ್ ಮಾಡಿ ಕೇಳ್ದೆ, ಹೊಟ್ಟೆ ಐವತ್ತೆಂಟು ಅಂತ ಹೇಳಿದ್ಲಂತೆ," ಎಂದಳು ಹೇಮಾವತಿ ಕನಕರಾಜುವಿನ ಸೊಂಟದ ಕಡೆ ಅನುಮಾನದಿಂದ ನೋಡುತ್ತ.

"ಮೂವತ್ತಾರು ಕಣ್ರೀ," ಎಂದ ಕನಕರಾಜು. ಅವನಿಗೆ ಅಳುವೇ ಬಂದಿತ್ತು.

ಮೆತ್ತೆ ಕೈಯಿಂದ ಕೈಗೆ ಹೋಯಿತು. ಒಬ್ಬರು ದಿಂಬು ಎಂದರು. ಒಬ್ಬರು ಬಾಣಂತಿಗೆ ಎಂದು ಮುಸಿಮುಸಿ ನಕ್ಕರು. ಕೊನೆಗೆ ಅದು ತಾತನ ತೊಡೆಯ ಮೇಲೆ ಬಂತು. ಅವನು ನಗುತ್ತ ತಿರುಗಿಸಿದ. ತಳದ ಜಾಲರಿಯನ್ನು ಹೆಬ್ಬೆರಳಿನಿಂದ ಉಜ್ಜಿದ. ನಗು ಸ್ವಲ್ಪ ಕಮ್ಮಿಯಾಯಿತು. ಉಣ್ಣೆಯನ್ನು ಒತ್ತಿ, ಬಿಟ್ಟು, ಮತ್ತೆ ಒತ್ತಿದ. ನಡುವಿನ ಸಂದಿನಲ್ಲಿ ನಾಲ್ಕು ಬೆರಳು ಇಟ್ಟ. ಬೆರಳು ಸರಿಯಾಗಿ ಕುಳಿತವು. ಪಟ್ಟಿಯನ್ನು ಬಿಚ್ಚಿ ಎರಡೂ ಕೈಗಳ ನಡುವೆ ವೃತ್ತ ಮಾಡಿ ಹಿಡಿದು, ನಲವತ್ತು ವರ್ಷ ಒಂದಲ್ಲ ಒಂದು ಕುದುರೆಗೆ ದಿನಾ ಬೆಳಿಗ್ಗೆ ಕಟ್ಟಿದ್ದ ಅದೇ ಅಗಲವನ್ನು ಗಾಳಿಯಲ್ಲಿ ನೋಡಿದ.

"ಇದು ಹಾಸಿಗೆ ಅಲ್ವಲ್ಲ," ಎಂದ.

ಮುಸಿಮುಸಿ ನಗುತ್ತಿದ್ದವರು ಹತ್ತಿರ ಬಗ್ಗಿ ನೋಡಿದರು.

"ಒಂಬತ್ತು ವರ್ಷ. ಎರಡು ಬಕೆಟ್ಟು. ಬೆನ್ನಿಗೆ ಗಾಯ." ತಾತ ಒಂದೊಂದಾಗಿ ಬೆರಳು ಮಡಿಸಿದ. ಹೇಮಾವತಿ ಸೀರೆಗಳನ್ನು ಬೇಗ ಬೇಗ ಗಂಟಿಗೆ ತುಂಬತೊಡಗಿದಳು. ತಾತ ಖಾಲಿ ಗೂಟದ ಕಡೆ ನೋಡಿದ, ಕನಕರಾಜುವಿನ ಹೊಸ ಶರ್ಟಿನ ಕಡೆ ನೋಡಿದ, ಕೊನೆಗೆ ಮೊಮ್ಮಗಳ ಮುಖ ನೋಡಿದ. ಅವನ ದನಿ ಈಗ ಅವಳದರಷ್ಟೇ ಸಣ್ಣದಾಗಿತ್ತು.

"ಹಂಗಾರೆ... ಕುದ್ರಿಲ್ವೇನವ್ವ?"

ಮದುವೆ ಕುದುರಿಲ್ಲವೇ ಎಂದು ಕೇಳಿದನೋ, ಮನೆಯಲ್ಲಿ ಇನ್ನು ಕುದುರೆ ಇಲ್ಲವೇ ಎಂದು ಕೇಳಿದನೋ ಅಲ್ಲಿದ್ದ ಯಾರಿಗೂ ಗೊತ್ತಾಗಲಿಲ್ಲ. ನಿಶ್ಚಿತಾ ಮೆತ್ತೆಯನ್ನು ಅವನ ತೊಡೆಯಿಂದ ಎತ್ತಿ ಹೆಗಲಿಗೆ ಹಾಕಿಕೊಂಡಳು. ಬೀದಿಯ ಕೊನೆಯ ಮನೆಗೂ ಕೇಳುವ ಹಾಗೆ, ಜೀವಮಾನದಲ್ಲಿ ಮೊದಲ ಸಲ ಗಟ್ಟಿಯಾಗಿ ಹೇಳಿದಳು:

"ಇಲ್ಲ ತಾತ. ಕುದ್ರಿಲ್ಲ."